ತೊಟ್ಟಿಗೆ ಇಳಿಯುವ ಮುನ್ನ

ಕಾರ್ಖಾನೆಯ ತ್ಯಾಜ್ಯನೀರಿನ ತೊಟ್ಟಿಗೆ ಇಳಿದವನು ಕುಸಿದು ಬಿದ್ದರೆ, ಜತೆಗಾರ ಹಿಂದುಮುಂದು ನೋಡದೆ ತಾನೂ ಇಳಿಯುತ್ತಾನೆ. ಒಂದು ಸಾವು ಎರಡಾಗುವುದು ಹೀಗೆ. ಇಂತಹ ಇಕ್ಕಟ್ಟಿನ ಜಾಗಗಳಲ್ಲಿ ಸತ್ತವರಲ್ಲಿ ಶೇ. 60ಕ್ಕೂ ಹೆಚ್ಚು ಮಂದಿ ರಕ್ಷಿಸಲು ಹೋದವರೇ ಎಂದು ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆ 1986ರಲ್ಲಿ ಎಚ್ಚರಿಸಿತ್ತು.

ಕಾರಣವೇನು? ಹೊರಗಿನ ಗಾಳಿಯಲ್ಲಿ ಆಮ್ಲಜನಕ ಸುಮಾರು ಶೇ. 21 ಇರುತ್ತದೆ. ಅದು ಶೇ. 19.5ಕ್ಕಿಂತ ಕಡಿಮೆಯಾದರೆ ಅಪಾಯ. ಕೊಳೆತ ಕೆಸರನ್ನು ಕಲಕಿದಾಗ ಹೈಡ್ರೋಜನ್ ಸಲ್ಫೈಡ್ ಅನಿಲ ಹೊಮ್ಮುತ್ತದೆ. ಮೊದಲು ಕೊಳೆತ ಮೊಟ್ಟೆಯ ವಾಸನೆ. ಪ್ರಮಾಣ ಹೆಚ್ಚಿದರೆ ಮೂಗಿನ ಶಕ್ತಿಯೇ ಕುಂದಿ ವಾಸನೆ ತಿಳಿಯುವುದಿಲ್ಲ. ಮೂಗಿಗೆ ಕಟ್ಟಿದ ಬಟ್ಟೆ ಇದನ್ನು ತಡೆಯದು.

ಮೇಲ್ವಿಚಾರಕರೂ ಕಾರ್ಮಿಕರೂ ಕಲಿಯಬೇಕಾದದ್ದು:

1. ಮಾಪಕದಿಂದ ಗಾಳಿ ಪರೀಕ್ಷಿಸದೆ ಯಾರೂ ಇಳಿಯಬಾರದು. ಬೆಂಕಿಕಡ್ಡಿ ಗೀರಿ ನೋಡಬೇಡಿ. ಮೀಥೇನ್ ಇದ್ದರೆ ಸ್ಫೋಟಿಸೀತು.

2. ಕೆಲಸ ಮುಗಿಯುವವರೆಗೂ ಬ್ಲೋವರ್‌ನಿಂದ ಹೊಸ ಗಾಳಿ ಹಾಯಿಸಿ.

3. ಇಳಿಯುವವನ ಮೈಗೆ ಸುರಕ್ಷಾ ಪಟ್ಟಿ, ಹಗ್ಗ ಇರಲಿ. ಮೇಲೆ ಒಬ್ಬ ಸದಾ ಕಾವಲಿರಲಿ.

4. ಒಳಗಿದ್ದವನು ಬಿದ್ದರೆ ಹಗ್ಗದಿಂದ ಮೇಲೆಳೆಯಿರಿ, ಅಗ್ನಿಶಾಮಕ ದಳವನ್ನು ಕರೆಯಿರಿ. ಉಸಿರಾಟದ ಗಾಳಿ ಸಿಲಿಂಡರ್ ಮತ್ತು ತರಬೇತಿ ಇಲ್ಲದವರು ಇಳಿಯಲೇಬಾರದು.

ನಿಮ್ಮ ಮನೆಯವರು ಇಂತಹ ಕೆಲಸದಲ್ಲಿದ್ದರೆ, ಈ ನಾಲ್ಕನೆಯ ಮಾತನ್ನು ಇಂದೇ ಅವರಿಗೆ ಓದಿ ಹೇಳಿ.