ನೊಣದ ನಡೆ

ತುಂಗಭದ್ರೆಯ ನಡುಗಡ್ಡೆಯಾದ ವಿರೂಪಾಪುರಗಡ್ಡೆಯಲ್ಲಾಗಲಿ, ಬೇರಾವ ಗ್ರಾಮದಲ್ಲಾಗಲಿ, ತಿಪ್ಪೆಯಿಂದ ಅಡುಗೆಮನೆಗೆ ಬರುವುದು ನೊಣಕ್ಕೆ ಕ್ಷಣದ ಕೆಲಸ. ಅದು ಕಾಲುಗಳಿಂದಲೂ ರುಚಿಯನ್ನು ಅರಿಯುತ್ತದೆ. ಅನ್ನದ ಮೇಲೆ ಕುಳಿತೊಡನೆ ರುಚಿ ತಿಳಿದು, ಅಗಿಯಲು ಹಲ್ಲಿಲ್ಲದ್ದರಿಂದ ಜೊಲ್ಲನ್ನುಗುಳಿ, ಕರಗಿದುದನ್ನು ಹೀರುತ್ತದೆ. ಮುಂಗಾಲುಗಳನ್ನು ಉಜ್ಜಿಕೊಳ್ಳುವ ನೊಣವನ್ನು ಕಂಡು ಮಕ್ಕಳು ‘ಕೈಮುಗಿಯುತ್ತಿದೆ’ ಎಂದು ನಗುವುದುಂಟು. ಅದು ವಂದನೆಯಲ್ಲ, ರುಚಿಯರಿಯುವ ರೋಮಗಳಿಗಂಟಿದ ಕೊಳೆಯನ್ನು ತೆಗೆಯುವ ಕ್ರಮ. ಆ ಕೊಳೆಯೊಡನೆ ಆಮಶಂಕೆ, ವಿಷಮಶೀತಜ್ವರಗಳ ರೋಗಾಣುಗಳೂ ಉಣ್ಣುವ ಎಲೆಗೆ ಬೀಳಬಹುದು.

ನೊಣವು ಸಗಣಿ, ಕೊಳೆತ ಕಸಗಳಲ್ಲಿ ಒಮ್ಮೆಗೆ ಸುಮಾರು 100 ಮೊಟ್ಟೆಗಳನ್ನಿಡುತ್ತದೆ. ಬೇಸಗೆಯಲ್ಲಿ 7ರಿಂದ 10 ದಿನಗಳಲ್ಲಿ ಅವು ರೆಕ್ಕೆಯುಳ್ಳ ನೊಣಗಳಾಗುತ್ತವೆ. ಆದುದರಿಂದ ಅನ್ನವನ್ನು ಮುಚ್ಚಿಡುವುದಷ್ಟೇ ಸಾಲದು. ವಾರ ತುಂಬುವ ಮೊದಲೇ ಮನೆಯ ಸುತ್ತಣ ಕಸವನ್ನು ದೂರದ ಗುಂಡಿಗೆ ಹಾಕಿ ಮಣ್ಣು ಮುಚ್ಚಬೇಕು. ಈ ಕಾರ್ಯವನ್ನು ವಿದ್ಯಾರ್ಥಿಗಳೂ ಮಾಡಬಲ್ಲರು.