ಕತ್ತರಿಗೆ ಮೊದಲು ನಾಲಿಗೆಯ ಕೆಲಸ ನೋಡಿ

ಕೂಸು ಬಾಯಿ ತೆರೆದು ಅತ್ತಾಗ ನಾಲಿಗೆಯ ಅಡಿಯಲ್ಲಿ ತೆಳುವಾದ ಪೊರೆಯೊಂದು ಕಾಣುತ್ತದೆ. ಅದು ಎಲ್ಲರ ಬಾಯಲ್ಲೂ ಇರುತ್ತದೆ. ಕೆಲವು ಕೂಸುಗಳಲ್ಲಿ ಮಾತ್ರ ಆ ಪೊರೆ ಮೋಟಾಗಿ, ಬಿಗಿಯಾಗಿ, ತುದಿಯವರೆಗೂ ಚಾಚಿಕೊಂಡು ನಾಲಿಗೆಯನ್ನು ಏಳಗೊಡುವುದಿಲ್ಲ. ಹಿರಿಯರು ‘ನಾಲಿಗೆ ಅಂಟಿಕೊಂಡಿದೆ’ ಎನ್ನುವುದು, ಡಾಕ್ಟರ ಚೀಟಿಯಲ್ಲಿ ‘ಟಂಗ್ ಟೈ’ ಎಂದಿರುವುದು ಇದನ್ನೇ. ಬೇರೆ ಬೇರೆ ಅಧ್ಯಯನಗಳ ಅಂದಾಜು ನೂರಕ್ಕೆ 4ರಿಂದ 10 ಕೂಸುಗಳು. ಇದನ್ನು ಕಂಡಾಗ ಎರಡು ಬಗೆಯ ತಪ್ಪು ಆಗುತ್ತದೆ. ಹಾಲು ಕುಡಿಯಲಾರದೆ ಕೂಸು ಸೊರಗುತ್ತಿದ್ದರೂ ‘ದೊಡ್ಡದಾದ ಮೇಲೆ ಸಡಿಲ ಆಗುತ್ತೆ’ ಎಂದು ಕಾಯುವುದು ಒಂದು. ಚೆನ್ನಾಗಿ ಕುಡಿದು ತೂಕ ಏರುತ್ತಿರುವ ಕೂಸಿಗೂ ಮೊಬೈಲಿನ ವಿಡಿಯೊ ನೋಡಿ ಹೆದರಿ ಪೊರೆಗೆ ಕತ್ತರಿ ಹಾಕಿಸುವುದು ಇನ್ನೊಂದು. ಎರಡಕ್ಕೂ ಮೂಲ ಕಾರಣ ಒಂದೇ: ಪೊರೆಯ ನೋಟದ ಮೇಲೆ ತೀರ್ಮಾನಕ್ಕೆ ಬರುವುದು. ಆಯಾ ವಯಸ್ಸಿನಲ್ಲಿ ನಾಲಿಗೆ ಮಾಡಬೇಕಾದ ಕೆಲಸ ಆಗುತ್ತಿದೆಯೇ ಎಂಬುದೊಂದೇ ಚಿಕಿತ್ಸೆಯನ್ನು ನಿರ್ಧರಿಸಬೇಕು.

ಹಸುಗೂಸಿನ ನಾಲಿಗೆಗೆ ಇರುವ ಕೆಲಸ ಹಾಲು ಕುಡಿಯುವುದು. ನಾಲಿಗೆ ಕೆಳವಸಡನ್ನು ದಾಟಿ ಮುಂದೆ ಚಾಚಬೇಕು, ಮೇಲೆದ್ದು ಮೊಲೆಯನ್ನು ಅಂಗುಳಕ್ಕೆ ಒತ್ತಬೇಕು. ಅದಾಗದಿದ್ದರೆ ಬಾಯಿ ಪದೇ ಪದೇ ಜಾರುತ್ತದೆ, ಕುಡಿಯುವಾಗ ಲೊಟಕೆ ಹೊಡೆದಂತೆ ಸದ್ದು ಬರುತ್ತದೆ, ಗಂಟೆಗಟ್ಟಲೆ ಕುಡಿದರೂ ಹಸಿವು ತೀರುವುದಿಲ್ಲ. ತಾಯಿಯ ಮೊಲೆತೊಟ್ಟು ಚಪ್ಪಟೆಯಾಗಿ, ಬಿರಿದು, ನೋವು ತಡೆಯಲಾಗದಂತಾಗುತ್ತದೆ. ಆದರೆ ಕೂಸನ್ನು ಸರಿಯಾಗಿ ಎದೆಗೆ ಹಿಡಿಯದಿದ್ದರೂ, ಕೂಸು ತಿಂಗಳು ತುಂಬುವ ಮೊದಲೇ ಹುಟ್ಟಿದ್ದರೂ ಇವೇ ಲಕ್ಷಣಗಳು ಕಾಣುತ್ತವೆ. ಹಾಗಾಗಿ ಮೊದಲ ಹೆಜ್ಜೆ ಹಾಲೂಡಿಸುವ ರೀತಿಯನ್ನು ಸರಿಪಡಿಸುವುದು. ಕೂಸಿನ ಹೊಟ್ಟೆ ತಾಯಿಯ ಹೊಟ್ಟೆಗೆ ತಾಗಿರಬೇಕು, ಬಾಯಿ ಅಗಲವಾಗಿ ತೆರೆದಾಗಲೇ ಎದೆಗೆ ಒತ್ತಿಕೊಳ್ಳಬೇಕು, ತೊಟ್ಟಷ್ಟೇ ಅಲ್ಲದೆ ಸುತ್ತಲಿನ ಕಪ್ಪು ಭಾಗದ ಹೆಚ್ಚಿನಂಶ ಬಾಯೊಳಗೆ ಹೋಗಬೇಕು. ಆಸ್ಪತ್ರೆಯಲ್ಲಿ ಹೆರಿಗೆಯಾದ ಮನೆಗೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಬರಬೇಕೆಂಬ ನಿಯಮವಿದೆ. ಆಕೆ ಬಂದಾಗ ಅವಳೆದುರೇ ಹಾಲೂಡಿಸಿ ತೋರಿಸಿ, ತೂಕ ಹಾಕಿಸಿ, ತಾಯಿ ಕಾರ್ಡಿನಲ್ಲಿ ಬರೆಸಿ. ಹುಟ್ಟಿದ ಮೊದಲ ದಿನಗಳಲ್ಲಿ ತೂಕ ಸ್ವಲ್ಪ ಇಳಿಯುವುದು ಸಹಜ. ಎರಡು ವಾರದೊಳಗೆ ಹುಟ್ಟುತೂಕಕ್ಕೆ ಮರಳಬೇಕು, ಅಲ್ಲಿಂದ ಮುಂದೆ ದಿನಕ್ಕೆ ಸುಮಾರು 20ರಿಂದ 30 ಗ್ರಾಂ ಏರಬೇಕು. ಐದನೇ ದಿನದ ನಂತರ ಇಪ್ಪತ್ತನಾಲ್ಕು ಗಂಟೆಯಲ್ಲಿ ಆರು ಸಲವಾದರೂ ಉಚ್ಚೆ ಹೊಯ್ಯಬೇಕು. ಇಷ್ಟು ಆಗುತ್ತಿದ್ದು ತಾಯಿಗೆ ನೋವೂ ಇಲ್ಲವೆಂದಾದರೆ, ಪೊರೆ ಎಷ್ಟು ಮೋಟಾಗಿ ಕಂಡರೂ ಅದನ್ನು ಮುಟ್ಟಬೇಕಿಲ್ಲ.

ಹಾಲೂಡಿಸುವ ಕ್ರಮ ತಿದ್ದಿದ ಮೇಲೂ ತೂಕ ಏರದಿದ್ದರೆ, ತೊಟ್ಟಿನ ನೋವು ಇಳಿಯದಿದ್ದರೆ ತಡಮಾಡಬಾರದು. ನಮ್ಮ ಮೈಸೂರು ಜಿಲ್ಲೆಯ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯ ತಾಲ್ಲೂಕು ಆಸ್ಪತ್ರೆಗಳಲ್ಲಿ ಮೊದಲು ಮಕ್ಕಳ ವೈದ್ಯರಿಗೆ ತೋರಿಸಿ. ಎಚ್.ಡಿ. ಕೋಟೆಯ ದಕ್ಷಿಣದ ಬುಡಕಟ್ಟು ಹಾಡಿಗಳವರಿಗೆ ಸರಗೂರಿನ ವಿವೇಕಾನಂದ ಸ್ಮಾರಕ ಆಸ್ಪತ್ರೆ ಹತ್ತಿರ. ಅಲ್ಲಿಂದ ಮುಂದೆ ಮೈಸೂರಿನ ಚೆಲುವಾಂಬ ಆಸ್ಪತ್ರೆಗೆ ಕಳಿಸುವಂತೆ ಚೀಟಿ ಬರೆಸಿಕೊಳ್ಳಬಹುದು. ವೈದ್ಯರು ನಾಲಿಗೆಯ ತುದಿಯ ಆಕಾರ, ಪೊರೆ ಎಲ್ಲಿ ಅಂಟಿದೆ, ನಾಲಿಗೆ ಎಷ್ಟು ಮೇಲೇಳುತ್ತದೆ, ಎಷ್ಟು ಚಾಚುತ್ತದೆ ಎಂಬ ನಾಲ್ಕನ್ನೂ ನೋಡಬೇಕು. ಕೂಸು ಹಾಲು ಕುಡಿಯುವುದನ್ನು ಕಣ್ಣಾರೆ ನೋಡದೆ ಕತ್ತರಿಸಲು ಹೇಳುವವರ ಮಾತನ್ನು ಒಪ್ಪಬೇಡಿ.

‘ಒಂದು ನಿಮಿಷದ ಕೆಲಸ, ಎಲ್ಲ ಕೂಸಿಗೂ ಕತ್ತರಿಸಿಬಿಟ್ಟರೆ ಏನು ನಷ್ಟ?’ ಎಂಬುದು ಸಹಜವಾದ ಪ್ರಶ್ನೆ. ಹುಟ್ಟಿದ ಪ್ರತಿ ಕೂಸಿನ ನಾಲಿಗೆಯನ್ನೂ ಪರೀಕ್ಷಿಸಬೇಕೆಂದು ಬ್ರೆಜಿಲ್ 2014ರಲ್ಲಿ ಕಾನೂನನ್ನೇ ಮಾಡಿತು. ಪರೀಕ್ಷಿಸುವುದು ಒಳ್ಳೆಯದೇ. ಕತ್ತರಿಸುವುದರ ಬಗ್ಗೆ ಪುರಾವೆ ಹೇಳುವುದು ಬೇರೆ. ವೈದ್ಯಕೀಯ ಅಧ್ಯಯನಗಳನ್ನು ಪರಾಮರ್ಶಿಸುವ ಕಾಕ್ರೇನ್ ಸಂಸ್ಥೆಯ 2017ರ ವಿಮರ್ಶೆ ಐದು ಪ್ರಯೋಗಗಳ 302 ಕೂಸುಗಳ ಫಲಿತಾಂಶವನ್ನು ಒಟ್ಟುಗೂಡಿಸಿ ನೋಡಿತು. ಪೊರೆ ಬಿಡಿಸಿದಾಗ ತಾಯಿಯ ನೋವು ಕೆಲಕಾಲದ ಮಟ್ಟಿಗೆ ಕಡಿಮೆಯಾಯಿತು, ಆದರೆ ಕೂಸು ಹಾಲು ಕುಡಿಯುವುದು ಎಲ್ಲ ಪ್ರಯೋಗಗಳಲ್ಲೂ ಒಂದೇ ತೆರನಾಗಿ ಸುಧಾರಿಸಲಿಲ್ಲ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯೂ 2024ರಲ್ಲಿ ಅನಗತ್ಯ ಶಸ್ತ್ರಚಿಕಿತ್ಸೆಯ ಬಗ್ಗೆ ಎಚ್ಚರಿಸಿದೆ. ಅಪರೂಪವಾದರೂ ರಕ್ತಸ್ರಾವ, ಸೋಂಕು, ಜೊಲ್ಲಿನ ನಾಳಕ್ಕೆ ಪೆಟ್ಟು, ಗಾಯ ಮಾಯುವಾಗ ಪೊರೆ ಮತ್ತೆ ಅಂಟುವುದು ಇವೆಲ್ಲ ಆಗಬಹುದು. ನೋವಿನ ನೆನಪಿಗೆ ಕೂಸು ಬಾಯಿ ತೆರೆಯಲೇ ಒಲ್ಲದಿರುವುದೂ ಉಂಟು. ಹೊಗೆಸೊಪ್ಪಿನ ಕುಯಿಲು, ಸೊಪ್ಪು ಒಣಗಿಸುವ ಬ್ಯಾರನ್ ಕೆಲಸದ ತಿಂಗಳುಗಳಲ್ಲಿ ಮೈಸೂರಿಗೆ ಒಂದು ದಿನ ಹೋಗಿಬರುವುದೆಂದರೆ ಕೂಲಿ ಕಳೆದುಕೊಂಡಂತೆ. ಹಾಗಾಗಿ ‘ಹೋದ ದಿನವೇ ಮುಗಿಸಿಕೊಂಡು ಬರೋಣ’ ಎಂಬ ಆತುರ ನನಗೆ ಅರ್ಥವಾಗುತ್ತದೆ. ಆದರೆ ಬಹುಪಾಲು ಕೂಸುಗಳಿಗೆ ಬೇಕಾದ ಚಿಕಿತ್ಸೆ ಊರಿನಲ್ಲೇ, ಹಾಲೂಡಿಸುವ ಕ್ರಮ ತಿದ್ದುವುದರಲ್ಲೇ ಮುಗಿಯುತ್ತದೆ. ಕೂಲಿ ಉಳಿಸುವ ದಾರಿಯೂ ಅದೇ.

ನಿಜಕ್ಕೂ ಬೇಕಾದ ಕೂಸಿಗೆ ಪೊರೆ ಬಿಡಿಸುವುದು ಚಿಕ್ಕ ಕೆಲಸ. ಹುಟ್ಟಿದ ಮೊದಲ ವಾರಗಳಲ್ಲಾದರೆ ಮೈಮರೆಸುವ ಅಗತ್ಯವಿಲ್ಲ. ಕೆಲವು ಹನಿ ರಕ್ತ ಬರುತ್ತದೆ, ಕೂಡಲೇ ಎದೆಗೆ ಹಚ್ಚಬಹುದು. ಅದಕ್ಕೆ ಮೊದಲು ಹುಟ್ಟಿದಾಗ ವಿಟಮಿನ್ ಕೆ ಚುಚ್ಚುಮದ್ದು ಕೊಟ್ಟಿದ್ದಾರೆಯೇ ಎಂದು ಕೇಳಿ. ಮನೆತನದಲ್ಲಿ ಗಾಯವಾದರೆ ರಕ್ತ ನಿಲ್ಲದ ಕಾಯಿಲೆ ಇದ್ದರೆ ಮುಚ್ಚಿಡದೆ ಹೇಳಿ. ಲೇಸರ್ ಎಂದರೆ ಹೆಚ್ಚು ದುಡ್ಡು, ಕತ್ತರಿಗಿಂತ ಮೇಲೆಂಬ ಪುರಾವೆ ಇಲ್ಲ. ಆಮೇಲೆ ಗಾಯವನ್ನು ದಿನವೂ ಬೆರಳಿನಿಂದ ಉಜ್ಜಿ ಎಳೆಯಬೇಕೆಂಬ ಸಲಹೆಗೂ ಗಟ್ಟಿಯಾದ ಆಧಾರ ಸಿಕ್ಕಿಲ್ಲ. ಮನೆಯಲ್ಲಿ ಉಗುರಿನಿಂದ ಗೀರುವುದು, ದಾರ ಕಟ್ಟುವುದು, ಬ್ಲೇಡ್ ಹಿಡಿಯುವುದು ಖಂಡಿತ ಕೂಡದು: ನಾಲಿಗೆಯ ಅಡಿಯಲ್ಲಿ ರಕ್ತನಾಳಗಳಿವೆ. ಬಜೆ ತೇಯ್ದು ನೆಕ್ಕಿಸಿದರೆ ಪೊರೆ ಸಡಿಲವಾಗುವುದಿಲ್ಲ. ಒಂದು ವರ್ಷದೊಳಗಿನ ಕೂಸಿಗೆ ಜೇನುತುಪ್ಪ ಕೊಡುವುದಂತೂ ಅಪಾಯ.

ಮೇಲ್ದುಟಿಯನ್ನು ವಸಡಿಗೆ ಸೇರಿಸುವ ಪೊರೆಯ ವಿಷಯದಲ್ಲಿ ಇನ್ನಷ್ಟು ತಾಳ್ಮೆ ಬೇಕು. ಹೆಚ್ಚುಕಡಿಮೆ ಎಲ್ಲ ಹಸುಗೂಸುಗಳಲ್ಲೂ ಅದು ದಪ್ಪಗೆ ಎದ್ದು ಕಾಣುತ್ತದೆ, ಹಾಲು ಕುಡಿಯಲು ಅದರಿಂದ ತೊಡಕಾಗುತ್ತದೆಂಬುದು ಸಾಬೀತಾಗಿಲ್ಲ. ಮುಂದಿನ ಎರಡು ಹಲ್ಲುಗಳ ನಡುವೆ ಸಂದು ಕಂಡರೂ ಕಾಯಿರಿ. 11-12ರ ವಯಸ್ಸಿಗೆ ಶಾಶ್ವತ ಕೋರೆಹಲ್ಲು ಇಳಿದಾಗ ಬಹುತೇಕ ಮಕ್ಕಳಲ್ಲಿ ಅದು ತಾನಾಗಿ ಮುಚ್ಚಿಕೊಳ್ಳುತ್ತದೆ. ಆಗಲೂ ಉಳಿದರೆ ದಂತವೈದ್ಯರನ್ನು ಕೇಳಿ.

ಎರಡು ವರ್ಷವಾದರೂ ಮಾತು ಬಾರದ ಮಗುವಿಗೆ ನಾಲಿಗೆ ಬಿಡಿಸಿಬಿಟ್ಟರೆ ಮಾತು ಬಂದೀತು ಎಂಬ ನಂಬಿಕೆ ಗಟ್ಟಿಯಾಗಿ ಬೇರೂರಿದೆ. ಹೆಚ್ಚು ಹಾನಿ ಮಾಡುವುದೂ ಅದೇ. ನಾಲಿಗೆಯ ಪೊರೆಯಿಂದ ಮಾತು ತಡವಾಗುವುದಿಲ್ಲ. ಮಾತು ಕಲಿಯಲು ಕಿವಿ ಕೇಳಬೇಕು, ಅರ್ಥವಾಗಬೇಕು, ಸುತ್ತ ಮಾತಾಡುವವರಿರಬೇಕು. ಆದ್ದರಿಂದ ಮಾತು ತಡವಾದ ಮಗುವಿಗೆ ಎಲ್ಲಕ್ಕಿಂತ ಮೊದಲು ಕಿವಿ ಪರೀಕ್ಷೆ ಮಾಡಿಸಿ. ಪೊರೆ ಕತ್ತರಿಸಿ ಆರು ತಿಂಗಳು ಕಾದು ಕುಳಿತರೆ, ಕಿವುಡಿಗೆ ಸಿಗಬೇಕಾದ ಚಿಕಿತ್ಸೆಯ ಅಮೂಲ್ಯ ಕಾಲ ಕೈಜಾರುತ್ತದೆ. ಬಿಗಿ ಪೊರೆ ಅಡ್ಡಿಯಾಗಬಹುದಾದದ್ದು ಕೆಲವು ಅಕ್ಷರಗಳ ಸ್ಪಷ್ಟತೆಗೆ ಮಾತ್ರ. ಕನ್ನಡದಲ್ಲಿ ಲ, ರ, ನ ಹೇಳಲು ನಾಲಿಗೆಯ ತುದಿ ಮೇಲೇಳಬೇಕು. ಟ, ಡ, ಣ, ಳ ಹೇಳಲು ತುದಿ ಹಿಂದಕ್ಕೆ ಮಡಚಬೇಕು. ಐದು ವರ್ಷ ದಾಟಿದ ಮಗು ‘ಹಳ್ಳ’, ‘ಹಣ್ಣು’, ‘ರಾಗಿ’ ಹೇಳುವಾಗ ತೊಡರುತ್ತಿದ್ದರೆ ವಾಕ್ ತಜ್ಞರ ಬಳಿ ತೋರಿಸಬೇಕು. ಲ-ಳ ಬೆರೆಸಿ ಆಡುವುದು ಮನೆಯವರೆಲ್ಲರ ಆಡುಮಾತೇ ಆಗಿದ್ದರೆ ಅದಕ್ಕೆ ಚಿಕಿತ್ಸೆ ಬೇಕಿಲ್ಲ; ಹಾಡಿಯ ಮಗು ಮನೆಯಲ್ಲಿ ಜೇನುಕುರುಬ ನುಡಿ, ಶಾಲೆಯಲ್ಲಿ ಕನ್ನಡ ಆಡುತ್ತಿದ್ದರೆ ಅದನ್ನೂ ತಜ್ಞರಿಗೆ ತಿಳಿಸಿ. ಕಿವಿಯ ಪರೀಕ್ಷೆ, ಮಾತಿನ ಪರೀಕ್ಷೆ ಎರಡೂ ಒಂದೇ ಆವರಣದಲ್ಲಿ ಸಿಗುವ ಜಾಗ ನಮ್ಮ ಜಿಲ್ಲೆಯಲ್ಲೇ ಇದೆ: ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ, 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ. ಕಿವಿ-ಮೂಗು-ಗಂಟಲು ವೈದ್ಯರೂ ಅಲ್ಲಿದ್ದಾರೆ. ಅಂಗನವಾಡಿ, ಶಾಲೆಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಕ್ಕೆ ಹೇಳಿದರೆ ಅವರೂ ಮುಂದಿನ ದಾರಿ ತೋರಿಸುತ್ತಾರೆ. 18 ವರ್ಷದವರೆಗೆ ಮಕ್ಕಳನ್ನು ನೋಡುವುದು ಅವರ ಹೊಣೆ. ದೊಡ್ಡ ಮಕ್ಕಳಿಗೆ ಪೊರೆ ಬಿಡಿಸುವುದು ಹೆಚ್ಚಾಗಿ ಮೈಮರೆಸಿ, ಹೊಲಿಗೆ ಹಾಕಿ ಮಾಡುವ ಕೆಲಸ. ಅದರ ಜೊತೆಗೆ ಮಾತಿನ ಅಭ್ಯಾಸವೂ ನಡೆಯಬೇಕು, ಏಕೆಂದರೆ ವರ್ಷಗಟ್ಟಲೆ ರೂಢಿಯಾದ ನಾಲಿಗೆಯ ಚಲನೆ ಕತ್ತರಿಯಿಂದ ಬದಲಾಗುವುದಿಲ್ಲ.

ವಯಸ್ಕರಲ್ಲೂ ಹುಟ್ಟಿನಿಂದ ಬಂದ ಬಿಗಿ ಪೊರೆ ಇರುತ್ತದೆ. ಹಿಂದಿನ ಹಲ್ಲುಗಳ ಸಂದಿಯಲ್ಲಿ ಸಿಕ್ಕಿದ ಊಟವನ್ನು ನಾಲಿಗೆಯಿಂದ ತೆಗೆಯಲಾಗದಿರುವುದು, ಕೆಳಗಿನ ಕಟ್ಟುಹಲ್ಲು ನಿಲ್ಲದಿರುವುದು ಇವು ನಿಜವಾದ ತೊಂದರೆಗಳು. ದಂತವೈದ್ಯರು ಜಾಗಕ್ಕಷ್ಟೇ ಮರಗಟ್ಟಿಸಿ ಬಿಡಿಸುತ್ತಾರೆ. ತೊಂದರೆಯಿಲ್ಲದೆ ಐವತ್ತು ವರ್ಷ ಬಾಳಿದವರು ಈಗ ಅದರ ಗೋಜಿಗೆ ಹೋಗಬೇಕಿಲ್ಲ. ಆದರೆ ಮೊದಲು ಸಲೀಸಾಗಿ ಹೊರಳುತ್ತಿದ್ದ ನಾಲಿಗೆ ಈಗ ಬಿಗಿಯಾಗಿದೆ, ಬಾಯಿ ಮೊದಲಿನಷ್ಟು ಅಗಲ ತೆರೆಯುತ್ತಿಲ್ಲ, ಖಾರ ತಿಂದರೆ ಉರಿ ಎನ್ನುವವರು ಅದನ್ನು ಟಂಗ್ ಟೈ ಎಂದು ತಿಳಿಯಬಾರದು. ಎಲೆಅಡಿಕೆಯ ಜೊತೆ ಕಡ್ಡಿಪುಡಿ ಹಾಕುವವರಲ್ಲಿ, ಗುಟ್ಕಾ ಅಗಿಯುವವರಲ್ಲಿ ಬಾಯಿಯ ಒಳಚರ್ಮ ಗಟ್ಟಿಯಾಗಿ ನಾರುಕಟ್ಟುವ ಕಾಯಿಲೆ ಬರುತ್ತದೆ, ಅದು ಕ್ಯಾನ್ಸರಿಗೆ ತಿರುಗಬಹುದು. ಅಂಥವರು, ಎರಡು ವಾರ ಕಳೆದರೂ ಮಾಯದ ಹುಣ್ಣೋ ಬಿಳಿ ಮಚ್ಚೆಯೋ ಇರುವವರು, ಅಗಿಯುವುದನ್ನು ಅಂದೇ ನಿಲ್ಲಿಸಿ, ಅದೇ ವಾರ ತಾಲ್ಲೂಕು ಆಸ್ಪತ್ರೆಯ ದಂತವೈದ್ಯರಿಗೆ ಬಾಯಿ ತೋರಿಸಬೇಕು.