ಹೊಟ್ಟೆಯ ಸುತ್ತಳತೆ, ಕೈಯಲ್ಲಿನ ಫೋನು: ತುರುವನೂರು ಸೀಮೆಗೆ ಹನ್ನೊಂದು ಸೂತ್ರಗಳು

“ಶುಗರ್ ಬಾರ್ಡರ್‌ನಲ್ಲಿದೆ, ಬಿಪಿ ಸ್ವಲ್ಪ ಜಾಸ್ತಿ, ಕೊಬ್ಬು ಒಂಚೂರು ಏರಿದೆ, ಹೊಟ್ಟೆ ಇಳಿಸಬೇಕಂತೆ.” ತುರುವನೂರಿನಿಂದ ಚಿತ್ರದುರ್ಗಕ್ಕೆ ಹೋಗಿ ರಕ್ತ ಕೊಟ್ಟು, ರಿಪೋರ್ಟ್ ಹಿಡಿದು ಬಸ್ ಹತ್ತಿದವರ ಬಾಯಲ್ಲಿ ಕೇಳಿಬರುವ ಮಾತಿದು. ಒಂದೊಂದಾಗಿ ನೋಡಿದರೆ ಯಾವುದೂ ಗಾಬರಿ ಹುಟ್ಟಿಸುವುದಿಲ್ಲ. ಇಂಥ ಮೂರು ಒಬ್ಬರಲ್ಲೇ ಕೂಡಿಬಂದರೆ ವೈದ್ಯರು ಅದನ್ನು ಮೆಟಬಾಲಿಕ್ ಸಿಂಡ್ರೋಮ್ ಎನ್ನುತ್ತಾರೆ. ಸಕ್ಕರೆ ಕಾಯಿಲೆ, ಹೃದಯಾಘಾತ, ಲಕ್ವ ಹಲವು ಸಲ ಈ ದಾರಿಯಲ್ಲೇ ಬರುತ್ತವೆ. 2023ರಲ್ಲಿ ಪ್ರಕಟವಾದ ಐಸಿಎಂಆರ್-ಇಂಡಿಯಾಬ್ ಅಧ್ಯಯನದ ಅಂದಾಜಿನಂತೆ ದೇಶದಲ್ಲಿ 10.1 ಕೋಟಿ ಜನರಿಗೆ ಮಧುಮೇಹವಿದೆ, 13.6 ಕೋಟಿ ಜನ ಅದರ ಹೊಸ್ತಿಲಲ್ಲಿದ್ದಾರೆ. ಇದು ಪೇಟೆಯವರ ಕಾಯಿಲೆ ಎಂದು ಹಳ್ಳಿಯವರು ನಿರಾಳವಾಗಿದ್ದ ಕಾಲ ಮುಗಿಯಿತು.

ಊಟ, ನಡಿಗೆ, ನಿದ್ದೆ ಬದಲಾದರೆ ಈ ಸ್ಥಿತಿಯಿಂದ ಹಿಂದೆ ಬರಬಹುದು. ಆ ಬದಲಾವಣೆಗೆ ಫೋನು ನೆರವಾಗುತ್ತದೆ, ಅದರಿಂದ ಏನು ಕೇಳಬೇಕು ಎಂಬುದು ನಮಗೆ ಗೊತ್ತಿದ್ದರೆ.

1. ಆ್ಯಪ್ ಇಳಿಸಿಕೊಳ್ಳುವ ಮೊದಲು ಐದು ಅಂಕಿ ಬರೆದಿಡಿ.
ಹೊಟ್ಟೆಯ ಸುತ್ತಳತೆ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ಅಥವಾ ಹೆಚ್ಚು, ರಕ್ತದೊತ್ತಡ 130/85 ಅಥವಾ ಹೆಚ್ಚು, ಖಾಲಿ ಹೊಟ್ಟೆಯ ಸಕ್ಕರೆ 100 ಅಥವಾ ಹೆಚ್ಚು, ರಕ್ತದ ಕೊಬ್ಬಾದ ಟ್ರೈಗ್ಲಿಸರೈಡ್ 150 ಅಥವಾ ಹೆಚ್ಚು, ಒಳ್ಳೆಯ ಕೊಲೆಸ್ಟ್ರಾಲ್ ಎನ್ನುವ ಎಚ್‌ಡಿಎಲ್ ಗಂಡಸರಿಗೆ 40ಕ್ಕಿಂತ, ಹೆಂಗಸರಿಗೆ 50ಕ್ಕಿಂತ ಕಡಿಮೆ. ಐದರಲ್ಲಿ ಮೂರು ನಿಮಗೆ ಅನ್ವಯಿಸಿದರೆ ಈ ಬರಹ ನಿಮಗಾಗಿಯೇ. ಈ ಅಂಕಿಗಳನ್ನು ತಾರೀಖಿನ ಸಮೇತ ಫೋನಿನ ನೋಟ್ಸ್‌ನಲ್ಲಿ ಹಾಕಿ. ರಿಪೋರ್ಟಿನ ಫೋಟೊ ತೆಗೆದು ಬೇರೆಯೇ ಫೋಲ್ಡರಿನಲ್ಲಿಡಿ. ಕಾಗದ ಕಳೆದುಹೋಗುತ್ತದೆ, ಮೂರು ತಿಂಗಳ ನಂತರ ಹೋಲಿಸಿ ನೋಡಲು ಇದೇ ಆಧಾರ.

2. ತೂಕಕ್ಕಿಂತ ಟೇಪನ್ನು ನಂಬಿ.
ನಮ್ಮ ಜನರಲ್ಲಿ ಕೈಕಾಲು ಸಣ್ಣಗಿದ್ದು ಹೊಟ್ಟೆಯೊಂದೇ ಮುಂದೆ ಬಂದಿರುವುದು ಸಾಮಾನ್ಯ. ಅಂಥವರನ್ನು ಬರೀ ತೂಕ ಕೇಳುವ ಆ್ಯಪ್ “ಸರಿಯಾಗಿದ್ದೀರಿ” ಎಂದು ಹಸಿರು ಬಣ್ಣದಲ್ಲಿ ತೋರಿಸಿಬಿಡುತ್ತದೆ. ಟೈಲರ್ ಟೇಪು ತಂದು, ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ನಡುವೆ, ಉಸಿರು ಬಿಟ್ಟ ಮೇಲೆ ಅಳೆಯಿರಿ. ಹೊಟ್ಟೆ ಎಳೆದುಕೊಳ್ಳಬೇಡಿ. ತಿಂಗಳಿಗೆ ಎರಡು ಸಲ ಸಾಕು. ತೂಕದ ಗುರಿ ಬೇಕೆಂದರೆ ಅಮೆರಿಕದ ಮಧುಮೇಹ ತಡೆ ಅಧ್ಯಯನದ ಗುರಿಯನ್ನೇ ಇಟ್ಟುಕೊಳ್ಳಿ: ಇರುವ ತೂಕದಲ್ಲಿ ಶೇ. 7 ಇಳಿಸುವುದು. ಎಪ್ಪತ್ತೈದು ಕಿಲೊ ಇದ್ದವರಿಗೆ ಅದು ಐದು ಕಿಲೊ ಚಿಲ್ಲರೆ. 2002ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಊಟ-ನಡಿಗೆ ತಿದ್ದಿಕೊಂಡವರಲ್ಲಿ ಹೊಸದಾಗಿ ಮಧುಮೇಹ ಬರುವುದು ಶೇ. 58ರಷ್ಟು ಕಡಿಮೆಯಾಗಿತ್ತು.

3. ಒಂದೇ ಆ್ಯಪ್, ಒಂದೇ ಅಭ್ಯಾಸ.
ನಡಿಗೆಗೊಂದು, ನೀರಿಗೊಂದು, ಊಟಕ್ಕೊಂದು, ಉಪವಾಸಕ್ಕೊಂದು ಎಂದು ಐದು ಆ್ಯಪ್ ತುಂಬಿಕೊಂಡವರು ವಾರದೊಳಗೆ ಐದನ್ನೂ ಬಿಡುತ್ತಾರೆ. ಮೊದಲ ತಿಂಗಳು ಒಂದೇ ವಿಷಯ ಹಿಡಿಯಿರಿ. ಚಹಾದ ಸಕ್ಕರೆಯಿಂದ ಶುರು ಮಾಡುವುದು ಸುಲಭ. ಎರಡು ಚಮಚ ಸಕ್ಕರೆ ಹಾಕಿದ ಚಹಾ ದಿನಕ್ಕೆ ಐದು ಸಲ ಆದರೆ ಸುಮಾರು 50 ಗ್ರಾಂ ಸಕ್ಕರೆ ಅಲ್ಲೇ ಹೋಯಿತು. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಇಡೀ ದಿನದ ಮಿತಿ ಹೆಚ್ಚುಕಡಿಮೆ ಅಷ್ಟೇ. ಅದರ ಅರ್ಧಕ್ಕೆ ಇಳಿಸಿದರೆ ಇನ್ನೂ ಒಳ್ಳೆಯದು ಎನ್ನುತ್ತದೆ ಅದೇ ಸಂಸ್ಥೆ. ಇಳಿಸಿಕೊಳ್ಳುವಾಗ ಆ್ಯಪ್ ಕೇಳುವ ಅನುಮತಿಗಳನ್ನೂ ನೋಡಿ. ಹೆಜ್ಜೆ ಎಣಿಸುವ ಆ್ಯಪಿಗೆ ನಿಮ್ಮ ಕಾಂಟ್ಯಾಕ್ಟ್ ಪಟ್ಟಿ ಬೇಕಾಗಿಲ್ಲ.

4. ಮುದ್ದೆಯನ್ನು ಒಮ್ಮೆ ತೂಗಿ, ಆಮೇಲೆ ಆ್ಯಪಿಗೆ ಹೇಳಿ.
ಊಟದ ಆ್ಯಪ್‌ಗಳಲ್ಲಿ ‘ರಾಗಿ ಮುದ್ದೆ, ಒಂದು’ ಎಂದಿರುತ್ತದೆ. ಯಾರ ಮನೆಯ ಮುದ್ದೆ? ಬೆಂಗಳೂರಿನ ಹೋಟೆಲಿನದು ಒಂದು ಗಾತ್ರ, ಹೊಲಕ್ಕೆ ಹೋಗಿ ಬಂದವರ ತಟ್ಟೆಯದು ಇನ್ನೊಂದು. ನಿಮ್ಮ ಅಡುಗೆಮನೆಯಲ್ಲಿ ಒಂದು ದಿನ ಹಿಟ್ಟನ್ನು ತೂಗಿ ಎಸರಿಗೆ ಹಾಕಿ, ಎಷ್ಟು ಮುದ್ದೆ ಆಯಿತು ಎಣಿಸಿ. ನೂರು ಗ್ರಾಂ ರಾಗಿ ಹಿಟ್ಟಿಗೆ ಸುಮಾರು 320 ಕ್ಯಾಲೊರಿ. ಮುದ್ದೆಯೊಂದಕ್ಕೆ ಬಿದ್ದ ಹಿಟ್ಟು 150 ಗ್ರಾಂ ಆದರೆ 480. ಎರಡು ಮುದ್ದೆ ಉಂಡು ಮೇಲೆ ಅನ್ನ ಬಡಿಸಿಕೊಂಡರೆ ಒಂದೇ ಹೊತ್ತಿಗೆ ಸಾವಿರ ದಾಟಿತು. ರಾಗಿಯಲ್ಲಿ ನಾರು, ಸುಣ್ಣದ ಅಂಶ ಚೆನ್ನಾಗಿದೆ ನಿಜ, ಆದರೆ “ರಾಗಿ ಶುಗರಿಗೆ ಒಳ್ಳೆಯದು” ಎಂದು ಲೆಕ್ಕವಿಲ್ಲದೆ ಉಣ್ಣುವುದು ತಪ್ಪು. ಹೊಸದುರ್ಗದ ಕಡೆಯ ಸಾಮೆ, ನವಣೆಗೂ ಇದೇ ಮಾತು. ಮುದ್ದೆ ಒಂದಕ್ಕೆ ಇಳಿಸಿ, ಹುರುಳಿ ಸಾರು, ಮೊಳಕೆ ಕಾಳು, ಸೊಪ್ಪಿನ ಪಲ್ಯ ಎರಡು ಪಾಲು ಮಾಡಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2019ರಲ್ಲಿ ಹೊರತಂದ ‘ನ್ಯೂಟ್ರಿಫೈ ಇಂಡಿಯಾ ನೌ’ ಆ್ಯಪ್ ನಮ್ಮ ದೇಶದ ಆಹಾರದ ವಿಶ್ಲೇಷಣೆಯನ್ನೇ ಆಧರಿಸಿದೆ. ಪಿಜ್ಜಾ, ಬರ್ಗರ್ ಪಟ್ಟಿಯ ವಿದೇಶಿ ಆ್ಯಪ್‌ಗಿಂತ ಅಂಥದ್ದು ನಮಗೆ ಹತ್ತಿರ.

5. ಎಣ್ಣೆ-ಉಪ್ಪಿನ ಲೆಕ್ಕ ತಟ್ಟೆಗಲ್ಲ, ಮನೆಗೆ ಇಡಿ.
ಒಗ್ಗರಣೆಗೆ ಬಿದ್ದ ಎಣ್ಣೆ ಎಷ್ಟೆಂದು ಉಣ್ಣುವವರಿಗೆ ತಿಳಿಯದು, ಆ್ಯಪಿಗಂತೂ ತಿಳಿಯುವುದೇ ಇಲ್ಲ. ಅದಕ್ಕೊಂದು ನೇರ ಉಪಾಯವಿದೆ. ಎಣ್ಣೆ ಪ್ಯಾಕೆಟ್ ಕತ್ತರಿಸಿದ ದಿನ, ಉಪ್ಪಿನ ಪ್ಯಾಕೆಟ್ ಒಡೆದ ದಿನ ಫೋನಿನ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಒಬ್ಬರಿಗೆ ದಿನಕ್ಕೆ 25 ಗ್ರಾಂ ಎಣ್ಣೆ ಎಂದು ಹಿಡಿದರೆ ನಾಲ್ಕು ಜನರ ಮನೆಗೆ ತಿಂಗಳಿಗೆ 3 ಕಿಲೊ, ಅಂದರೆ ಮೂರು ಲೀಟರಿಗಿಂತ ತುಸು ಹೆಚ್ಚು. ಒಬ್ಬರಿಗೆ 5 ಗ್ರಾಂ ಉಪ್ಪೆಂದರೆ ಒಂದು ಕಿಲೊ ಪ್ಯಾಕೆಟ್ ನಾಲ್ವರಿಗೆ 50 ದಿನ ಬರಬೇಕು. ಮೂವತ್ತು ದಿನಕ್ಕೇ ಖಾಲಿಯಾಗುತ್ತಿದ್ದರೆ ಬಿಪಿ ಏಕೆ ಇಳಿಯುತ್ತಿಲ್ಲ ಎಂದು ಬೇರೆಲ್ಲೂ ಹುಡುಕಬೇಕಾಗಿಲ್ಲ. ಉಪ್ಪಿನಕಾಯಿ, ಹಪ್ಪಳ, ಅಂಗಡಿಯ ಖಾರದ ಉಪ್ಪು ಇದರ ಮೇಲಿನದು. ಪಕ್ಕದ ಚಳ್ಳಕೆರೆ ಎಣ್ಣೆ ಮಿಲ್ಲುಗಳ ಊರು, ಶೇಂಗಾ ನಮ್ಮದೇ ನೆಲದ ಬೆಳೆ. ಕೈ ಧಾರಾಳವಾಗುವುದು ಸಹಜ. ಸಂಜೆಯ ಮಂಡಕ್ಕಿ-ಮೆಣಸಿನಕಾಯಿಯನ್ನು ಪೂರ್ತಿ ಬಿಡಿ ಎಂದು ನಾನು ಹೇಳುವುದಿಲ್ಲ, ಅದನ್ನು ವಾರದ ಒಂದು ದಿನಕ್ಕೆ ನಿಲ್ಲಿಸಿ. ಹನ್ನೊಂದರಲ್ಲಿ ಒಂದನ್ನಷ್ಟೇ ಪಾಲಿಸುತ್ತೇನೆ ಎನ್ನುವವರಿಗೆ ನಾನು ಸೂಚಿಸುವುದು ಈ ಸೂತ್ರವನ್ನೇ. ಇದರಿಂದ ಒಬ್ಬರಲ್ಲ, ಇಡೀ ಮನೆ ಬದಲಾಗುತ್ತದೆ.

6. ಹೆಜ್ಜೆಗಿಂತ ನಿಮಿಷ ಎಣಿಸಿ.
ದಿನಕ್ಕೆ 10,000 ಹೆಜ್ಜೆ ಎಂಬ ಸಂಖ್ಯೆ ಹುಟ್ಟಿದ್ದು ವೈದ್ಯಕೀಯದಿಂದಲ್ಲ, 1965ರ ಸುಮಾರಿಗೆ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಸಾಧನವೊಂದರ ಹೆಸರಿನಿಂದ. ನಮ್ಮಲ್ಲಿ ಇನ್ನೊಂದು ತೊಡಕೂ ಇದೆ. ಸೀರೆಗೆ ಜೇಬಿಲ್ಲ, ಹೊಲದಲ್ಲಿ ಈರುಳ್ಳಿ ಕೀಳುವಾಗ ಫೋನು ಬುತ್ತಿಯ ಚೀಲದಲ್ಲಿರುತ್ತದೆ. ದಿನವಿಡೀ ದುಡಿದ ಹೆಣ್ಣುಮಗಳಿಗೆ ಸಂಜೆ ಆ್ಯಪ್ “ಇಂದು 400 ಹೆಜ್ಜೆ” ಎನ್ನುತ್ತದೆ. ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಇತ್ತ ಟ್ರ್ಯಾಕ್ಟರ್, ಬೈಕು ಬಂದಮೇಲೆ ಗಂಡಸರ ನಡಿಗೆ ನಿಜಕ್ಕೂ ಕಡಿಮೆಯಾಗಿದೆ. ವಾರಕ್ಕೆ 150 ನಿಮಿಷದ ಬಿರುಸು ನಡಿಗೆ ಕನಿಷ್ಠ ಗುರಿ. ಫೋನಿನ ಟೈಮರ್ ಸಾಕು. ಉಂಡ ಮೇಲೆ ಹದಿನೈದು ನಿಮಿಷ ನಡೆದರೆ ರಕ್ತಕ್ಕೆ ಬಂದ ಸಕ್ಕರೆಯನ್ನು ಕಾಲಿನ ಸ್ನಾಯುಗಳು ಆಗಲೇ ಬಳಸಿಕೊಳ್ಳುತ್ತವೆ. ದುರ್ಗದ ಬೇಸಿಗೆಯಲ್ಲಿ ಬಿಸಿಲೇರುವ ಮುನ್ನ ಮುಗಿಸಿ.

7. ದುಬಾರಿ ಚಂದಾ ಬೇಡ, ಸರಿಯಾದ ಹೊತ್ತಿನ ಸಂದೇಶ ಸಾಕು.
ಚೆನ್ನೈನ ಡಾ. ಎ. ರಾಮಚಂದ್ರನ್ ಮತ್ತು ಸಂಗಡಿಗರು ಮಧುಮೇಹದ ಹೊಸ್ತಿಲಲ್ಲಿದ್ದ 537 ದುಡಿಯುವ ಗಂಡಸರನ್ನು ಎರಡು ವರ್ಷ ಗಮನಿಸಿದರು. ಅರ್ಧ ಜನರಿಗೆ ಊಟ, ವ್ಯಾಯಾಮ ನೆನಪಿಸುವ ಸಾದಾ ಎಸ್‌ಎಂಎಸ್ ಹೋಗುತ್ತಿತ್ತು. ಸಂದೇಶ ಬಂದವರಲ್ಲಿ ಶೇ. 18, ಬಾರದವರಲ್ಲಿ ಶೇ. 27 ಮಂದಿಗೆ ಮಧುಮೇಹ ಬಂತು. ಈ ಫಲಿತಾಂಶ ಪ್ರಕಟವಾದದ್ದು 2013ರಲ್ಲಿ. ಸ್ಮಾರ್ಟ್‌ಫೋನ್ ಕೂಡ ಬೇಕಿರಲಿಲ್ಲ. ನಿಮ್ಮ ಅಲಾರಾಂಗೆ ಕನ್ನಡದಲ್ಲೇ ಹೆಸರಿಡಿ: ‘ಉಂಡಾಯ್ತು, ಎದ್ದು ನಡಿ’, ‘ಬಿಪಿ ಮಾತ್ರೆ’. ಬೆಂಗಳೂರಿನಲ್ಲಿರುವ ಮಗಳು ದಿನಾ ರಾತ್ರಿ “ಅಪ್ಪಾಜಿ, ಇವತ್ತು ನಡೆದ್ರಾ?” ಎಂದು ವಾಟ್ಸ್‌ಆ್ಯಪಿನಲ್ಲಿ ಕೇಳಿದರೆ ಅದಕ್ಕಿಂತ ಒಳ್ಳೆಯ ಆ್ಯಪ್ ಇಲ್ಲ.

8. ಫೋನಿಗೆ ಬೆರಳಿಟ್ಟರೆ ಬಿಪಿ ತಿಳಿಯುವುದಿಲ್ಲ.
ಕ್ಯಾಮೆರಾ ಮೇಲೆ ಬೆರಳಿಟ್ಟರೆ ರಕ್ತದೊತ್ತಡ ಹೇಳುತ್ತೇನೆ ಎಂದು ಜನಪ್ರಿಯವಾಗಿದ್ದ ಒಂದು ಆ್ಯಪನ್ನು ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಸಂಶೋಧಕರು 2016ರಲ್ಲಿ ಪರೀಕ್ಷಿಸಿದರು. ಬಿಪಿ ನಿಜವಾಗಿಯೂ ಏರಿದ್ದ ನಾಲ್ವರಲ್ಲಿ ಮೂವರಿಗೂ ಹೆಚ್ಚು ಮಂದಿಗೆ ಅದು “ಏರಿಲ್ಲ” ಎಂದು ಹೇಳುತ್ತಿತ್ತು. ಚರ್ಮ ಚುಚ್ಚದೆ ಸಕ್ಕರೆ ಅಳೆಯುತ್ತೇವೆ ಎನ್ನುವ ವಾಚು, ಉಂಗುರಗಳನ್ನು ನಂಬಬೇಡಿ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2024ರಲ್ಲಿ ಎಚ್ಚರಿಸಿದೆ. ತೋಳಿಗೆ ಪಟ್ಟಿ ಕಟ್ಟುವ ಯಂತ್ರದಲ್ಲೇ ಬಿಪಿ ನೋಡಿ, ಅಂಕಿಯನ್ನು ಫೋನಿಗೆ ಬರೆಯಿರಿ. ಆ್ಯಪ್ ನೋಡಿ ಮಾತ್ರೆ ನಿಲ್ಲಿಸಬೇಡಿ. ಸಕ್ಕರೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಊಟ ಇಳಿಸುವ, ಉಪವಾಸ ಮಾಡುವ ಮೊದಲು ವೈದ್ಯರನ್ನು ಕೇಳಲೇಬೇಕು. ಸಕ್ಕರೆ ಒಮ್ಮೆಲೇ ಕುಸಿದರೆ ಜೀವಕ್ಕೆ ಅಪಾಯ.

9. ಕುಡಿತವನ್ನೂ ಬರೆಯಿರಿ.
ತುರುವನೂರು 1939ರಲ್ಲಿ ಎಸ್. ನಿಜಲಿಂಗಪ್ಪನವರ ಮುಂದಾಳುತನದಲ್ಲಿ ಈಚಲು ಮರ ಕಡಿದು ಸತ್ಯಾಗ್ರಹ ಮಾಡಿದ ಊರು. ಅಂದು ಹೆಂಡದ ವಿರುದ್ಧ ಎತ್ತಿದ ದನಿಗೆ ಇಂದು ವೈದ್ಯಕೀಯ ಕಾರಣವೂ ಸೇರಿದೆ: ಮದ್ಯ ಟ್ರೈಗ್ಲಿಸರೈಡನ್ನೂ ಬಿಪಿಯನ್ನೂ ಏರಿಸುತ್ತದೆ, ಜೊತೆಗೆ ಬರುವ ಕರಿದ ತಿಂಡಿ ಹೊಟ್ಟೆಗೆ ಸೇರುತ್ತದೆ. ಕುಡಿದ ದಿನಕ್ಕೆ ಕ್ಯಾಲೆಂಡರಿನಲ್ಲಿ ಕೆಂಪು ಚುಕ್ಕೆ ಇಡಿ. ತಿಂಗಳ ಕೊನೆಗೆ ಚುಕ್ಕೆಗಳನ್ನು ಎಣಿಸಿ. ಬಿಡಲಾಗುತ್ತಿಲ್ಲ ಎನಿಸಿದರೆ 14416ಕ್ಕೆ ಕರೆ ಮಾಡಿ. ಅದು ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ, ಉಚಿತ, ಕನ್ನಡದಲ್ಲಿ ಮಾತಾಡಬಹುದು.

10. ರಾತ್ರಿ ಫೋನಿಗೆ ಬೇರೆ ಕೋಣೆ.
ನಿದ್ದೆ ಕೆಟ್ಟರೆ ಹಸಿವು ಹೆಚ್ಚುತ್ತದೆ, ಸಕ್ಕರೆ ಹತೋಟಿ ತಪ್ಪುತ್ತದೆ. ತ್ರೀ ಫೇಸ್ ಕರೆಂಟ್ ರಾತ್ರಿ ಬಂದಾಗ ಮೋಟರ್ ಹಾಕಲು ಏಳುವ ರೈತರ ಕಷ್ಟ ಬೇರೆ. ಅವರು ಮಧ್ಯಾಹ್ನದ ನಿದ್ದೆಯಲ್ಲಾದರೂ ಅದನ್ನು ತುಂಬಿಕೊಳ್ಳಲಿ. ಉಳಿದವರಿಗೆ ರೀಲ್ಸ್ ಬಿಟ್ಟರೆ ಬೇರೆ ನೆವವಿಲ್ಲ.

11. ಆ್ಯಪಿನ ಹಿಂದೆ ಒಬ್ಬ ಮನುಷ್ಯ ಇರಲಿ.
ಹರಿಯಾಣ ಮತ್ತು ಕರ್ನಾಟಕದ 40 ಸಮುದಾಯ ಆರೋಗ್ಯ ಕೇಂದ್ರಗಳಲ್ಲಿ ‘ಎಂವೆಲ್‌ಕೇರ್’ ಎಂಬ ಪ್ರಯೋಗ ನಡೆದಿತ್ತು. ಅರ್ಧ ಕೇಂದ್ರಗಳಲ್ಲಿ ನರ್ಸ್‌ಗಳಿಗೆ ಟ್ಯಾಬ್ ಕೊಟ್ಟು, ಬಿಪಿ-ಶುಗರ್ ರೋಗಿಗಳಿಗೆ ಅದರ ಸಲಹೆಯಂತೆ ಚಿಕಿತ್ಸೆ ಸಿಗುವಂತೆ ಮಾಡಿದರು. ಉಳಿದ ಕೇಂದ್ರಗಳಲ್ಲಿ ಆ ತಂತ್ರಾಂಶ ಇರಲಿಲ್ಲ. ಎರಡೂ ಕಡೆಯ ರೋಗಿಗಳು ಸುಧಾರಿಸಿದರು. ತಂತ್ರಾಂಶದಿಂದ ಹೆಚ್ಚಿನ ಲಾಭ ಕಾಣಲಿಲ್ಲ. 2019ರಲ್ಲಿ ಪ್ರಕಟವಾದ ಈ ಫಲಿತಾಂಶವನ್ನು ನಾನು ಗಂಭೀರವಾಗಿ ತೆಗೆದುಕೊಳ್ಳುತ್ತೇನೆ. ಕಾಳಜಿ ಮಾಡಿ ವಿಚಾರಿಸುವ ಜನರಿದ್ದರೆ ಕಾಯಿಲೆ ಇಳಿಯುತ್ತದೆ, ಆ್ಯಪ್ ಅವರ ಕೈಯ ಸಲಕರಣೆ ಮಾತ್ರ. ಹಾಗಾಗಿ ನಿಮ್ಮ ಅಂಕಿಗಳನ್ನು ಮನೆಯಲ್ಲಿ ಅಡುಗೆ ಮಾಡುವವರಿಗೆ ತೋರಿಸಿ, ನಡಿಗೆಗೆ ಬೀದಿಯ ಇಬ್ಬರನ್ನು ಜೊತೆ ಮಾಡಿಕೊಳ್ಳಿ, ಆಶಾ ಕಾರ್ಯಕರ್ತೆ ಮನೆಗೆ ಬಂದಾಗ ಫೋನು ತೆರೆದು ಲೆಕ್ಕ ಕೊಡಿ.

ಮೂವತ್ತು ದಾಟಿದ ಎಲ್ಲರಿಗೂ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಬಿಪಿ, ಶುಗರ್ ತಪಾಸಣೆ ಉಚಿತ. ಈ ವಾರವೇ ಖಾಲಿ ಹೊಟ್ಟೆಯಲ್ಲಿ ಹೋಗಿ ಪರೀಕ್ಷೆ ಮಾಡಿಸಿಕೊಳ್ಳಿ. ಟೈಲರ್ ಟೇಪನ್ನು ಇವತ್ತೇ ತನ್ನಿ.